ಬಂದರು ಕ್ಲಬ್ಬಿನ ಕರಿ ಗೋಲಿ

"ಎತ್ತಬೇಡಿ, ಎತ್ತಬೇಡಿ! ಒಳಗೆ ವೋಟ್ ಹಾಕ್ತಾ ಇದಾರೆ!"

ಗಾಯತ್ರಿ ಕೂಗುತ್ತ ರಸ್ತೆ ದಾಟಿ ಓಡಿ ಬರುವಷ್ಟರಲ್ಲಿ ಅವಳ ಅಪ್ಪ ವೆಂಕಟ್ರಮಣ ನಾಯ್ಕನ ಚಟ್ಟ ನಾಲ್ವರ ಹೆಗಲೇರಿಯಾಗಿತ್ತು.

ಎತ್ತಿದ ಚಟ್ಟವನ್ನು ಅಂಗಳದಲ್ಲೇ ಮತ್ತೆ ಇಳಿಸುವ ಪದ್ಧತಿ ಅವರಲ್ಲಿ ಇಲ್ಲ. ಸ್ಮಶಾನದ ಅರ್ಧ ದಾರಿಯಲ್ಲಿ ಒಮ್ಮೆ ಇಳಿಸಿ ಹೆಗಲು ಬದಲಿಸುತ್ತಾರೆ. ಅದಕ್ಕೂ ಮೊದಲೇ ನೆಲ ಮುಟ್ಟಿಸಿದರೆ ಸತ್ತವನು ಮನೆ ಬಿಟ್ಟು ಹೋಗುವುದಿಲ್ಲ ಎಂದು ಹೆದರಿಕೆ. ಹಾಗಾಗಿ ನಾಲ್ವರೂ ಅಂಗಳದ ಬಿಸಿಲಿನಲ್ಲಿ ಹೊತ್ತುಕೊಂಡೇ ನಿಂತರು. ವೆಂಕಟ್ರಮಣನೇನು ಹಗುರದ ಆಸಾಮಿಯಲ್ಲ.

"ಎಂತ ವೋಟೇ ತಂಗಿ, ಹೆಣ ಹೊತ್ತ ಹೊತ್ತಲ್ಲಿ?" ಎಂದು ಮುಂದೆ ಹೆಗಲು ಕೊಟ್ಟಿದ್ದ ಮಾಬ್ಲ ಕೇಳಿದ. ಅವನು ವೆಂಕಟ್ರಮಣನ ಶಾಮಿಯಾನದ ಅಂಗಡಿಯ ಹಳೇ ಆಳು. ಊರಿನ ಮದುವೆಗಳಿಗೆಲ್ಲ ಕಂಬ ನೆಟ್ಟ ಹೆಗಲು ಅದು.

"ಅಪ್ಪನ್ನ ಕ್ಲಬ್ಬಿನ ಮೆಂಬರ್ ಮಾಡೂಕೆ. ಸ್ವಲ್ಪ ತಡ್ಕಳಿ ಮಾಬ್ಲಣ್ಣ. ವೋಟ್ ಆದ ಕೂಡ್ಲೆ ಪೋರ್ಚಿನಲ್ಲಿ ಮಲಗ್ಸೂಕೆ ಬಿಡ್ತಾರೆ."

ಹೊಸ್ತಿಲಲ್ಲಿ ನಿಂತಿದ್ದ ದೇವಿಗೆ ಇದೆಲ್ಲ ಕೇಳಿಸಿತು. ಗಂಡ ಸತ್ತವಳು ಹೀಗೆ ಬಾಗಿಲಿಗೆ ಬಂದು ನಿಲ್ಲಬಾರದೆಂದು ಒಳಗಿನಿಂದ ಯಾರೋ ಸೆರಗು ಎಳೆಯುತ್ತಿದ್ದರು. ಅವಳು ಸೆರಗು ಬಿಡಿಸಿಕೊಂಡು ರಸ್ತೆಯಾಚೆ ನೋಡಿದಳು.

ರಸ್ತೆಯಾಚೆ ಬಂದರು ಕ್ಲಬ್ಬು. ಕುಮಟೆಯಿಂದ ಹತ್ತಿ ಹಡಗು ಹತ್ತುತ್ತಿದ್ದ ಕಾಲದಲ್ಲಿ ಇಂಗ್ಲಿಷರು ಕಟ್ಟಿಸಿಕೊಂಡ ಮನೆ. ಚಿರೇಕಲ್ಲಿನ ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು, ಮಾಡಿನ ಅಂಚಿಗೆ ಕೆತ್ತನೆಯ ಮರದ ಝಾಲರಿ, ಎದುರು ಬಾಗಿಲ ನೆತ್ತಿಯ ಮೇಲೆ ಅರ್ಧಚಂದ್ರದ ಬಣ್ಣದ ಗಾಜು. ಎಲ್ಲಕ್ಕಿಂತ ಮುಂದೆ ಚಾಚಿಕೊಂಡು ಆ ಪೋರ್ಚು, ಜೋಡಿ ಕುದುರೆಯ ಗಾಡಿ ಒಳಗೆ ನಿಂತರೂ ಜಾಗ ಉಳಿಯುವಷ್ಟು ಅಗಲ. ಮೆಂಬರು ಯಾರಾದರೂ ಸತ್ತರೆ ಸ್ಮಶಾನಕ್ಕೆ ಹೋಗುವ ಮುಂಚೆ ಒಂದು ಗಳಿಗೆ ಆ ಪೋರ್ಚಿನಲ್ಲಿ ಮಲಗಿಸುತ್ತಾರೆ, ಒಳಗಿನ ಗಂಟೆ ಬಾರಿಸುತ್ತಾರೆ, ಜಗಲಿಯಲ್ಲಿ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಇದು ದೊರೆಗಳ ಕಾಲದಿಂದ ನಡೆದು ಬಂದದ್ದು. ವೆಂಕಟ್ರಮಣನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ.

ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷರಾದ ಡಾಕ್ಟರ್ ಅನೂಪ ದೊಡ್ಡ ಹಾರ ತಂದು ಹಾಕಿ, "ವೆಂಕಟ್ರಮಣ ನಮ್ಮ ಕ್ಲಬ್ಬಿನ ಆಧಾರಸ್ತಂಭ" ಎಂದಿದ್ದರು. ಗಾಯತ್ರಿ ಅತ್ತು ಕೆಂಪಾದ ಕಣ್ಣಲ್ಲೇ, "ಹಂಗಾದ್ರೆ ಅಪ್ಪನ್ನ ಪೋರ್ಚಿನಲ್ಲಿ ಇಡೂಕೆ ಬಿಡಿ ಡಾಕ್ಟ್ರೇ" ಎಂದುಬಿಟ್ಟಳು. ಅಷ್ಟು ಜನರ ಎದುರಿಗೆ ಡಾಕ್ಟರು ಏನು ಹೇಳಬೇಕು? ಮೆಂಬರಾಗದವರನ್ನು ಇಡುವ ಹಾಗಿಲ್ಲ, ಆದರೆ ಮೆಂಬರ್ ಮಾಡಿಯೇ ಬಿಡೋಣ, ಹೇಗೂ ಎಲ್ಲರೂ ಬಂದಿದ್ದಾರೆ, ವರ್ಷದ ವೋಟನ್ನು ಇವತ್ತೇ ಹಾಕಿದರಾಯಿತು ಎಂದು ಎಲ್ಲರನ್ನೂ ಕರೆದುಕೊಂಡು ಒಳಗೆ ಹೋಗಿದ್ದರು. ಜನ ಡಾಕ್ಟರನ್ನು ಹೊಗಳಿದ್ದೇ ಹೊಗಳಿದ್ದು.

ದೇವಿಗೆ ಕ್ಲಬ್ಬಿನ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಆದರೂ ಈಗ, ಚಟ್ಟದ ಮೇಲೆ ಬಾಯಿ ಮುಚ್ಚಿ ಮಲಗಿದ ಗಂಡನ ಮುಖ ನೋಡಿ, ಇದೊಂದು ಸಲ ಆಗಿಬಿಡಲಿ ದೇವರೇ ಎಂದು ಅವಳೂ ಬೇಡಿಕೊಂಡಳು.

*

ಮದುವೆಯಾಗಿ ಕಾಗಾಲದಿಂದ ಈ ಮನೆಗೆ ಬಂದ ಮೊದಲ ಸಂಜೆ ವೆಂಕಟ್ರಮಣ ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಮಾಳಿಗೆಯ ಕಿಟಕಿಯ ಹತ್ತಿರ.

"ಕಂಡ್ಯಾ?" ಎಂದ.

ದೇವಿಗೆ ಕಂಡದ್ದು ಒಂದು ಹಳೇ ಕಟ್ಟಡ, ಅದರ ಜಗಲಿಯಲ್ಲಿ ಇಸ್ಪೀಟು ಆಡುತ್ತ ಕೂತ ಒಂದಷ್ಟು ಹೊಟ್ಟೆಗಳು.

"ಆ ಕಬ್ಬಿಣದ ಕಂಬ ಉಂಟಲ್ಲ, ಅದು ಇಲ್ಲಿದಲ್ಲ. ವಿಲಾಯ್ತಿಂದ ಹಡಗಲ್ಲಿ ಬಂದದ್ದು. ಹತ್ತಿ ತಕ್ಕಂಡ್ ಹೋಗೂಕೆ ಬರೂ ಹಡಗು ಖಾಲಿ ಬಂದ್ರೆ ಮಗಚ್ತದೆ ಹೇಳಿ, ಹೊಟ್ಟೆ ಒಳಗೆ ಇದ್ನ ತುಂಬ್ಕಂಡ್ ಬಂದ್ರು. ಆ ಚೂಪು ಕಮಾನು ದೊರೆ ಹೆಂಡ್ತಿ ಮಾಡ್ಸದ್ದು. ಅವ್ಳಿಗೆ ಊರಿನ ಇಗರ್ಜಿ ನೆನಪಾಗಿ ದಿನಾ ಅಳ್ತಿದ್ಲಂತೆ."

ಇದರಲ್ಲಿ ನಿಜವೆಷ್ಟು, ವೆಂಕಟ್ರಮಣ ತಾನೇ ಸೇರಿಸಿದ್ದೆಷ್ಟು ಎಂದು ಯಾರಿಗೂ ಗೊತ್ತಿಲ್ಲ. ಒಮ್ಮೆ ಅಳುತ್ತಿದ್ದ ದೊರೆಸಾನಿ ಇನ್ನೊಮ್ಮೆ ಹೇಳುವಾಗ ಪಿಯಾನೊ ಬಾರಿಸುತ್ತಿದ್ದಳು. ಆದರೆ ಗಂಡನ ಮುಖ ಮಾತ್ರ ಪ್ರತಿಸಲವೂ ಹಾಗೇ ಬೆಳಗುತ್ತಿತ್ತು, ಹೆಂಡತಿಯ ಕಡೆ ನೋಡುವಾಗ ಅದು ಅಷ್ಟು ಬೆಳಗಿದ್ದನ್ನು ದೇವಿ ಕಂಡವಳಲ್ಲ.

ಘಟ್ಟದ ಮೇಲೆ ರೈಲು ಬಂದು ಹತ್ತಿಯ ದಾರಿಯೇ ಬದಲಾದ ಮೇಲೆ ದೊರೆಗಳು ಹೋದರು. ಕ್ಲಬ್ಬು ಊರಿನ ವಕೀಲರ, ಡಾಕ್ಟರರ, ಮರದ ವ್ಯಾಪಾರಿಗಳ ಕೈಗೆ ಬಂತು. ದೊರೆಗಳ ಜೊತೆ ಹೋಗದೆ ಉಳಿದದ್ದು ವೋಟಿನ ಪೆಟ್ಟಿಗೆ. ಹೊಸಬನೊಬ್ಬ ಮೆಂಬರಾಗಬೇಕಾದರೆ ಇದ್ದವರೆಲ್ಲ ಮುಷ್ಟಿಯಲ್ಲಿ ಒಂದು ಬಿಳಿ ಗೋಲಿ, ಒಂದು ಕರಿ ಗೋಲಿ ಹಿಡಿದು, ಪೆಟ್ಟಿಗೆಯ ತೂತಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದನ್ನು ಬಿಡಬೇಕು. ಯಾರು ಯಾವುದನ್ನು ಬಿಟ್ಟರೆಂದು ಹೊರಗೆ ತಿಳಿಯುವುದಿಲ್ಲ. ಬಿಳಿಯದರ ನಡುವೆ ಒಂದೇ ಒಂದು ಕರಿ ಸಿಕ್ಕರೂ ಆ ವರ್ಷಕ್ಕೆ ಬಾಗಿಲು ಮುಚ್ಚಿತು.

ವೆಂಕಟ್ರಮಣನ ಹೆಸರು ಪ್ರತಿ ವರ್ಷವೂ ಪೆಟ್ಟಿಗೆಯ ಮುಂದೆ ಹೋಗುತ್ತಿತ್ತು. ಪ್ರತಿ ವರ್ಷವೂ ಒಂದು ಕರಿ ಬೀಳುತ್ತಿತ್ತು. ಎರಡಲ್ಲ, ಮೂರಲ್ಲ, ಒಂದೇ. "ಒಂದೇ ಒಂದ್ರಲ್ಲಿ ಹೋಯ್ತು ಮಾರಾಯ, ಉಳಿದೋರೆಲ್ಲ ನಿನ್ ಕಡೆ" ಎಂದು ಮೆಂಬರುಗಳು ಬೆನ್ನು ತಟ್ಟಿ ಕಳಿಸುತ್ತಿದ್ದರು. ಅವನೂ ಮೂಗಿಗೆ ಸವರಿದ ತುಪ್ಪದ ವಾಸನೆ ಹಿಡಿದುಕೊಂಡು ಮನೆಗೆ ಬಂದು, "ಬರೂ ವರ್ಷ ಆಗ್ತದೆ ನೋಡು" ಎನ್ನುತ್ತಿದ್ದ.

ಕ್ಲಬ್ಬಿನ ಬೆತ್ತದ ಕುರ್ಚಿಗಳನ್ನು ಒರಲೆ ತಿಂದು ಮುಗಿಸಿದಾಗ ತನ್ನ ಅಂಗಡಿಯಿಂದ ಕುರ್ಚಿ ಹೊರಿಸಿ ಕಳಿಸಿದವನು ಅವನೇ. ಆಮೇಲೆ ಮೇಜು, ಫ್ಯಾನು, ದೀಪದ ಸರ, ಮಳೆಗಾಲದಲ್ಲಿ ಜಗಲಿಗೆ ಕಟ್ಟುವ ತಾಡಪತ್ರೆ. ಬಾಡಿಗೆ ಕೇಳಲಿಲ್ಲ. ನಾಳೆ ತನ್ನದೇ ಆಗಲಿರುವ ಕ್ಲಬ್ಬಿನಿಂದ ಬಾಡಿಗೆ ಕೇಳುವುದೇ? ಕುರ್ಚಿಗಳ ಬೆನ್ನಿಗೆ ಬರೆಸಿದ್ದ 'ವೆಂಕಟ್ರಮಣ ಶಾಮಿಯಾನ' ಎಂಬ ಹೆಸರು ಕಾಣದ ಹಾಗೆ ಮೆಂಬರುಗಳು ಬಿಳಿ ಗೌಸು ಹೊಲಿಸಿ ತೊಡಿಸಿದರು. ಆ ಗೌಸುಗಳನ್ನು ಒಗೆಸಿ ಇಸ್ತ್ರಿ ಮಾಡಿಸುವ ಕೆಲಸವನ್ನೂ ವೆಂಕಟ್ರಮಣನೇ ಮೈಮೇಲೆ ಹಾಕಿಕೊಂಡ. ತಂದು ಕೊಡುವಾಗ ಬದಿಯ ಬಾಗಿಲಿನಿಂದ ಹೋಗಿ ಬದಿಯ ಬಾಗಿಲಿನಿಂದಲೇ ಬರುತ್ತಿದ್ದ. ಎದುರು ಬಾಗಿಲು ಮೆಂಬರುಗಳಿಗೆ.

*

ಆ ಒಂದು ಕರಿ ಗೋಲಿ ಹಾಕುವವನು ಯಾರು? ಇದು ವೆಂಕಟ್ರಮಣನ ತಲೆ ಹೊಕ್ಕ ಹುಳ. ಒಂದು ವರ್ಷ ಪಕ್ಕದ ಮನೆಯವನೆಂದು ಅವನ ಜೊತೆ ಮಾತು ಬಿಟ್ಟ. ಇನ್ನೊಂದು ವರ್ಷ ಗಾಯತ್ರಿಗೆ ಬಂದ ಸಂಬಂಧವೊಂದನ್ನು, ಹುಡುಗನ ಮಾವ ಕ್ಲಬ್ಬಿನಲ್ಲಿದ್ದಾನೆಂಬ ಕಾರಣಕ್ಕೆ, ಮುರಿದು ಹಾಕಿದ. ಗಾಯತ್ರಿ ಹೊನ್ನಾವರದ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಹಾಗೇ ಉಳಿದಳು.

ಮತ್ತೊಂದು ವರ್ಷ ಅನುಮಾನ ಮಾದೇವನ ಮೇಲೆ ಬಿತ್ತು. ಮಾದೇವ ದೇವಿಯ ಒಬ್ಬನೇ ತಮ್ಮ, ಬ್ಯಾಂಕಿನ ಮ್ಯಾನೇಜರನಾಗಿದ್ದವನು, ಅರ್ಜಿ ಹಾಕಿದ ಮೊದಲ ವರ್ಷವೇ ಮೆಂಬರಾದವನು.

"ನಿನ್ ತಮ್ಮಂದೇ ಕೆಲ್ಸ. ಭಾವ ತಂಗೆ ಸಮ ಕೂತ್ರೆ ಅವನ್ ಮರ್ಯಾದಿ ಹೋಗ್ತದಲ್ಲ! ಇನ್ ಮೇಲೆ ಆ ಮನೆ ಮೆಟ್ಲು ಹತ್ತೂಕಿಲ್ಲ ನೀನು. ಹತ್ತಿದ್ರೆ ಅಲ್ಲೇ ಇರು."

ಅದೇ ಮಳೆಗಾಲದಲ್ಲಿ ಕಾಗಾಲದಿಂದ ಸುದ್ದಿ ಬಂತು, ಅವ್ವೆ ಹಾಸಿಗೆ ಹಿಡಿದಿದ್ದಾಳೆ, ದೇವಿ ದೇವಿ ಅಂತಿದ್ದಾಳೆ. ದೇವಿ ಸೀರೆ ಉಟ್ಟು ಬಾಗಿಲಿಗೆ ಬಂದಳು. ವೆಂಕಟ್ರಮಣ ಬಾಗಿಲಿಗೆ ಅಡ್ಡ ನಿಂತ. ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. "ಆ ಕರಿ ಗೋಲಿ ಹಾಕ್ದವನ ಮನೆಗೆ ಹೋಗ್ತ್ಯಾ?" ಎಂದಷ್ಟೇ ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. ಆ ನೀರು ನೋಡಿ ದೇವಿ ಒಳಗೆ ಹೋಗಿ ಸೀರೆ ಬಿಚ್ಚಿಟ್ಟಳು. ಕುಮಟೆಯಿಂದ ಕಾಗಾಲವೇನು ದೂರವಲ್ಲ, ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಅವ್ವೆ ಸತ್ತಳು, ಸುಟ್ಟರು, ಹನ್ನೆರಡನೆಯ ದಿನದ ಊಟವೂ ಆಯಿತು. ದೇವಿ ಆ ದಿನ ಒಲೆ ಹಚ್ಚಲಿಲ್ಲ. ವೆಂಕಟ್ರಮಣ ಹೋಟೆಲಿನಲ್ಲಿ ಉಂಡು ಬಂದ.

ಆ ಮಾದೇವ ಇವತ್ತು ಬೆಳಿಗ್ಗೆ ಬಂದಿದ್ದ. ಕೂದಲೆಲ್ಲ ಹಣ್ಣಾಗಿತ್ತು. ದೇವಿ ಅವನ ಕೈ ಹಿಡಿದುಕೊಂಡು ಎಲ್ಲರೆದುರು ಅತ್ತಳು.

"ಅವ್ರು ನಿನ್ ಮೇಲೆ ಸುಳ್ಳೇ ಅನುಮಾನ ಪಟ್ರು ತಮ್ಮ. ಹೊಟ್ಟಿಗೆ ಹಾಕ್ಕ. ಸತ್ತವ್ರ ಮೇಲೆ ಸಿಟ್ಟಿಟ್ಕಬೇಡ."

"ಇರ್ಲಿ ಅಕ್ಕ. ನಾ ಯಾವತ್ತೋ ಮರ್ತೆ" ಎಂದು ಮಾದೇವ ದೊಡ್ಡ ಮನಸ್ಸು ಮಾಡಿ, ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಡಾಕ್ಟರ ಹಿಂದೆ ವೋಟು ಹಾಕಲು ಹೋಗಿದ್ದ.

*

ಕ್ಲಬ್ಬಿನ ಬದಿಯ ಬಾಗಿಲಿನಿಂದ ಬೀರ ಬಂದ. ಬೀರ ಅಲ್ಲಿನ ಹಳೇ ಜವಾನ. ಚಾ ಕೊಡುವವನೂ ಅವನೇ, ಗೋಲಿಯ ಪೆಟ್ಟಿಗೆ ಎತ್ತಿ ತಂದಿಡುವವನೂ ಅವನೇ. ಅಂಗಳದಲ್ಲಿ ಎಲ್ಲರೂ ಅವನ ಬಾಯನ್ನೇ ನೋಡಿದರು. ಮಾಬ್ಲ ಹೆಗಲ ಮೇಲಿನ ಬಿದಿರನ್ನು ಸ್ವಲ್ಪ ಸರಿಸಿಕೊಂಡ.

"ಆಗ್ಲಿಲ್ಲ" ಎಂದ ಬೀರ. "ಒಂದು ಕರಿ ಬಿತ್ತು."

ಗಾಯತ್ರಿ ಬೆಂಕಿಯ ಮಡಕೆ ಎತ್ತಿಕೊಂಡಳು. ಅಪ್ಪನಿಗೆ ಕೊಳ್ಳಿ ಇಡುವವಳು ಅವಳೇ. ಅವಳು ಹೋಗಿ ಚಟ್ಟದ ಮುಂದೆ ನಿಂತಳು. "ಹೋಗ್ವಾ" ಎಂದು ಮಾಬ್ಲ ಹೇಳಿದ. ನಾಲ್ವರೂ ನಿಧಾನವಾಗಿ ಅಂಗಳ ದಾಟತೊಡಗಿದರು.

ಬೀರ ದೇವಿಯ ಹತ್ತಿರ ಬಂದು ತಲೆ ಕೆರೆದುಕೊಂಡ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು.

"ಹೆಂಗ್ ಆತೋ ಗುತ್ತಿಲ್ಲ ದೇವ್ಯಕ್ಕ. ಇವತ್ತ್ ಯಾರ್ದೂ ಪಾಳಿ ಇರ್ಲಿಲ್ಲ."

"ಎಂತ ಪಾಳಿ?"

"ಅದೇ, ಕರಿ ಹಾಕೂ ಪಾಳಿ." ಊರಿಗೆಲ್ಲ ಗೊತ್ತಿರುವ ಸಂಗತಿ ಎಂಬಂತೆ ಬೀರ ಹೇಳುತ್ತ ಹೋದ. "ಮೊದ್ಲೆಲ್ಲ ಒಂದೊಂದ್ ವರ್ಷ ಒಬ್ಬೊಬ್ರು ಹಾಕ್ತಿದ್ರು. ಈಗೀಗ ಯಾರಿಗೂ ಉಮೇದಿಲ್ಲ, ವಿಶ್ವನಾಥ ವಕೀಲ್ರೇ ಹಾಕೂದು. ಇವತ್ತ್ ಹಾಕೂದು ಬೇಡ, ಎಲ್ರೂ ಬಿಳಿ ಹಾಕಿ ಹೇಳಿ ಡಾಕ್ಟ್ರು ಮೊದ್ಲೇ ಹೇಳಿದ್ರು. ವಕೀಲ್ರಿಗೆ ಕೈ ಅಭ್ಯಾಸ. ಕೈ ಹೊರಗೆ ತೆಗ್ದು 'ಥೋ' ಅಂದು ನಾಲ್ಗೆ ಕಚ್ಕಂಡ್ರು. ಎಲ್ರೂ ನಕ್ಕೇ ಬಿಟ್ರು. ನಗೂ ಹೊತ್ತಲ್ಲ, ಆದ್ರೂ ನಗೆ ಬಂತಲ್ಲ, ಎಂತ ಮಾಡೂದು. ಮತ್ತೊಂದ್ ಸಲ ಹಾಕೂವ ಅಂದ್ರೆ ವರ್ಷಕ್ಕೆ ಒಂದೇ ಸಲ ಹೇಳಿ ರೂಲಂತೆ."

ದೇವಿಯ ಕಿವಿಗೆ ಮೊದಲು ಬಿದ್ದದ್ದು ನಗು ಎಂಬ ಮಾತು. ಅದರ ಹಿಂದಿನ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಎಂತಕ್ಕೆ ಬೀರ? ಅವ್ರು ನಿಮ್ಗೆ ಎಂತ ಮಾಡಿದ್ರು?"

"ಅಯ್ಯೋ, ಸಿಟ್ಟಿಗಲ್ಲ ಅಕ್ಕ! ಅವ್ರ ಮೇಲೆ ಎಲ್ರಿಗೂ ಪ್ರೀತಿ. ಮೆಂಬರಾದವ್ರ ಸಾಮಾನು ಕ್ಲಬ್ಬಲ್ಲಿ ಇಟ್ಕಳೂಕಿಲ್ಲ ಹೇಳಿ ದೊರೆಗಳು ಬೋರ್ಡ್ ಬರ್ಸಿಟ್ಟಿದ್ರು. ಅವ್ರು ಬದ್ಕಿದ್ದಾಗ ಮೆಂಬರ್ ಮಾಡ್ಕಂಡ್ರೆ ಆ ಕುರ್ಚಿ, ಫ್ಯಾನು ಎಲ್ಲ ವಾಪಸ್ ಕೊಡಬೇಕಾಗ್ತಿತ್ತು. ಕೂರೂಕೆ ಬೇಕಲ್ಲ."

ಅಷ್ಟರಲ್ಲಿ ಮಾದೇವ ರಸ್ತೆ ದಾಟಿ ಬಂದ. ಬೀರನ ಬಾಯಿ ಮುಚ್ಚಿಸಲು ಬಂದವನು ತಡವಾಗಿ ಬಂದಿದ್ದ. ಅಕ್ಕನ ಮುಖ ನೋಡಿ ನಿಂತಲ್ಲೇ ನಿಂತ.

"ಪಾಳಿ ಇತ್ತಂತಲ್ಲ ಮಾದೇವ" ಎಂದಳು ದೇವಿ.

"ಅಕ್ಕ, ದೇವ್ರಾಣೆ, ಅವ್ವೆ ಸತ್ತ ವರ್ಷ ಹಾಕ್ದವ ನಾನಲ್ಲ. ಭಾವ ನನ್ ಮೇಲೆ ಸುಳ್ಳೇ ಅನುಮಾನ ಪಟ್ಟದ್ದು."

"ನಿಂದ್ಯಾವ ವರ್ಷ?"

ಮಾದೇವ ಚಪ್ಪಲಿಯ ತುದಿ ನೋಡಿಕೊಂಡ.

"ಅದ್ರ ಹಿಂದಿನ ವರ್ಷ."

ದೇವಿ ಅಳಲಿಲ್ಲ. ಇಷ್ಟು ವರ್ಷ ಅವಳಿಗೆ ಗಂಡನ ಮೇಲೆ ಸಿಟ್ಟಿತ್ತು, ಗೋಲಿಯ ಹುಚ್ಚು ಹಿಡಿಸಿಕೊಂಡು ತನ್ನನ್ನು ಅವ್ವೆಯ ಬಾಯಿಗೆ ನೀರು ಬಿಡಲೂ ಬಿಡಲಿಲ್ಲವೆಂದು. ಈಗ ಆ ಸಿಟ್ಟಿಗೂ ನೆಲೆಯಿಲ್ಲದೆ ಹೋಯಿತು. ಸಿಟ್ಟು ಮಾಡುವಷ್ಟು ದೊಡ್ಡ ಮನುಷ್ಯನೂ ಆಗಿರಲಿಲ್ಲ ಅವನು. ಅವನ ಹೆಸರಿನ ಕುರ್ಚಿಯ ಮೇಲೆ ಅವನನ್ನೇ ಕೂರಿಸದೆ, ಅವನೊಬ್ಬನನ್ನು ಕೋಡಂಗಿ ಮಾಡಿ, ಒಂದು ಊರಿನ ದೊಡ್ಡವರೆಲ್ಲ ಸೇರಿ ಆಟ ಆಡಿದ್ದರು. ಮಾಳಿಗೆಯ ಕಿಟಕಿಯಲ್ಲಿ ನಿಂತು ಆ ಆಟವನ್ನು ಆಸೆಯಿಂದ ನೋಡುತ್ತಿದ್ದವನು ಅವನೊಬ್ಬನೇ.

ಎದುರಿಗೆ ಜಗಲಿಯಲ್ಲಿ ಮೆಂಬರುಗಳು ಬಂದು ಕೂತಿದ್ದರು. ಜಗಲಿಗೆ ಅಡ್ಡ ಸೊಂಟದೆತ್ತರದ ಗೋಡೆ ಇದ್ದದ್ದರಿಂದ ರಸ್ತೆಗೆ ಕಾಣುತ್ತಿದ್ದದ್ದು ತಲೆಗಳು ಮಾತ್ರ. ಹೆಣ ದಾಟುವವರೆಗೆ ಇದ್ದು ಹೋಗೋಣವೆಂದು ಸೋಡಾ ತರಿಸಿಕೊಂಡಿದ್ದರು. ಡಾಕ್ಟರು ಯಾರ ಕಿವಿಯಲ್ಲೋ ಏನೋ ಹೇಳಿದರು. ಇನ್ನೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು.

"ರೂಪೇಶ" ಎಂದು ದೇವಿ ಕರೆದಳು.

ರೂಪೇಶ ವೆಂಕಟ್ರಮಣನ ಅಣ್ಣನ ಮಗ. ಈಗ ಅಂಗಡಿ ನೋಡಿಕೊಳ್ಳುತ್ತಿದ್ದವನು ಅವನೇ. ಅಂಗಡಿಯ ಹುಡುಗರನ್ನು ಕಟ್ಟಿಕೊಂಡು ಮೆರವಣಿಗೆಯ ಹಿಂದೆ ಹೊರಟಿದ್ದವನು ತಿರುಗಿ ಬಂದ.

"ಜಗಲಿ ಕುರ್ಚಿ ಎಲ್ಲ ತಕ್ಕಂಡ್ ಬಾ."

"ಈಗ್ಲಾ ಚಿಕ್ಕಿ? ಅವ್ರು ಕೂತಿದಾರಲ್ಲ!"

"ಕೂತಿದ್ರೆ ಏಳೂಕ್ ಹೇಳು. ನಮ್ ಸಾಮಾನು ನಮ್ಗೆ ಬೇಕು ಅನ್ನು. ಎದುರಿಂದ ಹೋಗಬೇಡ, ಬದಿ ಬಾಗ್ಲಿಂದ ಹೋಗು."

ಚಿಕ್ಕಿಯ ಧ್ವನಿ ಕೇಳಿ ರೂಪೇಶ ಹುಡುಗರನ್ನು ಕರೆದುಕೊಂಡು ಓಡಿದ. ಮಾದೇವ, "ಅಕ್ಕ, ಇದೆಂತ ಮರ್ಯಾದಿ, ಹೆಣದ ಹೊತ್ತಲ್ಲಿ..." ಎಂದು ಶುರು ಮಾಡಿ, ಅವಳು ತನ್ನ ಕಡೆ ತಿರುಗದ್ದು ನೋಡಿ, "ನಾ ಹೆಗಲು ಕೊಡ್ತೆ" ಎಂದ.

"ನಿನ್ ಹೆಗಲು ಅವ್ರಿಗೆ ಬೇಡ. ಹೋಗು, ನೀ ಕೂರೂ ಕುರ್ಚಿ ನೀನೇ ಹೊತ್ಕಂಡ್ ಬಂದು ಇಲ್ಲಿ ಹಾಕು. ಆಮೇಲೆ ಕಾಗಾಲಕ್ಕೆ ಹೋಗು."

ಬ್ಯಾಂಕಿನ ಮ್ಯಾನೇಜರನಾಗಿದ್ದ ಮಾದೇವ ಅತ್ತ ಇತ್ತ ನೋಡಿದ. ಒಳಗಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವನು ರಸ್ತೆ ದಾಟಿ ಬದಿಯ ಬಾಗಿಲಿಗೆ ಹೋದ.

ಚಟ್ಟ ಪೋರ್ಚಿನ ಎದುರಿಗೆ ಬರುತ್ತಿತ್ತು. ಆಗ ಜಗಲಿಯ ಗೋಡೆಯ ಮೇಲೆ ಮೊದಲು ಡಾಕ್ಟರ ತಲೆ ಮೇಲೆದ್ದಿತು, ಅವರ ಪಕ್ಕದವರದು ಎದ್ದಿತು, ಆಮೇಲೆ ಒಂದೊಂದಾಗಿ ಸಾಲಿಗೆ ಸಾಲೇ. ಗೋಡೆಯ ಹಿಂದೆ ಹುಡುಗರು ಬಗ್ಗಿಕೊಂಡು ಏನು ಹೊರುತ್ತಿದ್ದಾರೆಂದು ರಸ್ತೆಗೆ ಕಾಣುತ್ತಿರಲಿಲ್ಲ.

"ನೋಡ್ರೋ, ಕ್ಲಬ್ಬಿನವ್ರು ಎದ್ ನಿಂತ್ರು!" ಎಂದು ಮೆರವಣಿಗೆಯಲ್ಲಿ ಯಾರೋ ಹೇಳಿದರು. ಮಾತು ಹಿಂದಕ್ಕೆ ಹರಿಯಿತು. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನೋಡಿದರು. ಮೊಬೈಲುಗಳು ಮೇಲಕ್ಕೆದ್ದವು. ಅಷ್ಟು ಮೊಬೈಲು ತಮ್ಮ ಕಡೆ ತಿರುಗಿದ್ದು ಕಂಡು ಡಾಕ್ಟರು ಕೈ ಮುಗಿದರು. ಅವರು ಮುಗಿದದ್ದು ನೋಡಿ ಉಳಿದವರೂ ಮುಗಿದರು.

ಗಾಯತ್ರಿ ನಿಂತುಬಿಟ್ಟಳು. ಬೆಂಕಿಯ ಮಡಕೆ ಹಿಡಿದುಕೊಂಡೇ ಜಗಲಿಯ ಕಡೆ ತಿರುಗಿ, ಆ ಸಾಲಿಗೆಲ್ಲ ತಲೆ ಬಾಗಿಸಿದಳು. ಆಮೇಲೆ ಅಳುತ್ತ, ನಗುತ್ತ, ಮನೆಯ ಕಡೆ ಹೊರಳಿ ಕೂಗಿದಳು.

"ಅಮ್ಮ, ಕಂಡ್ಯಾ! ಅಪ್ಪಂಗೆ ಎಲ್ರೂ ಎದ್ ನಿಂತ್ರು!"

"ಕಂಡೆ ಮಗಾ. ನೀ ನಡೆ" ಎಂದಳು ದೇವಿ.

ಚಟ್ಟ ಮುಂದೆ ಹೋಯಿತು. ಮೊಣಕಾಲು ನೋವಿನ ವಿಶ್ವನಾಥ ವಕೀಲರು ಒಂದು ಕೈಯಲ್ಲಿ ಕಬ್ಬಿಣದ ಕಂಬ ಹಿಡಿದುಕೊಂಡು, ಹಿಂದೆ ಮುಂದೆ ನೋಡಿ, ಕೂರಲು ಎಲ್ಲಿಯೂ ಏನೂ ಇಲ್ಲದೆ, ಮೆರವಣಿಗೆ ತಿರುವು ದಾಟುವವರೆಗೂ ನಿಂತೇ ಇದ್ದರು.